‘ಲೆಟ್ ಅಲೋನ್’: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವ ಮಾತನ್ನು ಇನ್ನೂ ಗಟ್ಟಿ ಮಾಡಲು ಬಳಸುವ ನುಡಿಗಟ್ಟು ‘ಲೆಟ್ ಅಲೋನ್’. ಪತ್ರಿಕೆ, ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಗದ್ಯಭಾಗ, ಎಲ್ಲ ಕಡೆ ಇದು ಎದುರಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳು, ಬ್ಯಾಂಕ್ ಹಾಗೂ ಎಸ್ಎಸ್‌ಸಿ ಪರೀಕ್ಷೆಗೆ ಕೂತವರು, ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಇಂಗ್ಲಿಷ್ ವಾಕ್ಯಗಳು ಕನ್ನಡ ಲಿಪಿಯಲ್ಲಿವೆ. ಒಮ್ಮೆ ಬಾಯಿಬಿಟ್ಟು ಓದಿ, ನಂತರ ವಹಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ.

## ಶುರುವಿನಲ್ಲಿ ಬರುವ ಪ್ರಶ್ನೆಗಳು

‘ಲೆಟ್ ಅಲೋನ್’ ಅಂದ್ರ ಏನ್ರಿ ಸರ್? ‘ಒಬ್ಬನೇ ಬಿಡು’ ಅಂತ ಅರ್ಥ ಹಚ್ಚಿದ್ರ ವಾಕ್ಯಾನೇ ಕೂಡವಲ್ದು.

ಕೂಡುವುದಿಲ್ಲ, ಯಾಕಂದರೆ ಇಲ್ಲಿ ‘ಅಲೋನ್’ಗೆ ಒಂಟಿತನದ ಅರ್ಥವೇ ಇಲ್ಲ. ‘ಹಿ ಕಾಂಟ್ ವಾಕ್, ಲೆಟ್ ಅಲೋನ್ ರನ್’ ಅಂದರೆ ‘ಓಡೋದು ಬಿಡ್ರಿ, ಅವನಿಗೆ ನಡೀಲಿಕ್ಕೂ ಬರಂಗಿಲ್ಲ’. ‘ಲೆಟ್’ ಅಂದರೆ ಬಿಡು. ಎರಡೂ ಪದ ಸೇರಿದಾಗ ‘ಅದರ ಮಾತು ಬಿಡು’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಈ ಅರ್ಥದ ಬಳಕೆಗೆ ಇನ್ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

‘ಲೆಟ್ ಹಿಮ್ ಅಲೋನ್’ ಎಂಬುದು ಬೇರೆ. ಅಲ್ಲಿ ‘ಲೆಟ್’ ಮತ್ತು ‘ಅಲೋನ್’ ನಡುವೆ ಒಬ್ಬ ಮನುಷ್ಯನೋ ಒಂದು ವಸ್ತುವೋ ಕೂತಿರುತ್ತದೆ, ಅರ್ಥ ‘ಅವನ ಗೊಡವೆಗೆ ಹೋಗಬೇಡ’. ನಡುವೆ ಏನೂ ಇಲ್ಲದೆ ಎರಡೂ ಅಂಟಿಕೊಂಡಿದ್ದು, ಅದರ ಹಿಂದೆ ‘ಇಲ್ಲ’ ಎಂಬ ಅರ್ಥದ ಮಾತಿದ್ದರೆ, ಅದು ನಾವು ಹೇಳುತ್ತಿರುವ ನುಡಿಗಟ್ಟು.

ಇದಕ್ಕ ಕನ್ನಡದಾಗ ಸರಿಯಾದ ಮಾತು ಯಾವುದು? ನಿಘಂಟಿನಾಗ ಒಂದೊಂದು ಕಡೆ ಒಂದೊಂದು ಅದ.

ಒಂದೇ ಮಾತಿಲ್ಲ, ಹಲವು ಇವೆ. ಆಡುಮಾತಿನಲ್ಲಿ ‘ಬಿಡ್ರಿ’, ‘ಹೋಗ್ಲಿ’. ಬರಹದಲ್ಲಿ ‘ಹಾಗಿರಲಿ’, ‘ಇರಲಿ’, ‘ಒತ್ತಟ್ಟಿಗಿರಲಿ’. ಸ್ವಲ್ಪ ಸಿಟ್ಟು ಅಥವಾ ಬೇಸರ ಸೇರಿದ್ದರೆ ‘ದೂರದ ಮಾತು’, ‘ದೂರವೇ ಉಳಿಯಿತು’. ‘ರೊಟ್ಟಿ ಹೋಗ್ಲಿ, ಕುಡಿಲಿಕ್ಕಿ ನೀರು ಸುದ್ದಾ ಕೊಡಲಿಲ್ಲ’ ಅನ್ನುವುದರಲ್ಲಿ ನೊಂದ ಮನಸ್ಸಿದೆ; ‘ಊಟ ಹಾಗಿರಲಿ, ನೀರೂ ದೊರೆಯಲಿಲ್ಲ’ ಅನ್ನುವುದು ವರದಿಯ ಭಾಷೆ. ಇಂಗ್ಲಿಷಿನ ‘ಲೆಟ್ ಅಲೋನ್’ ಎರಡು ಕಡೆಯೂ ಸಲ್ಲುತ್ತದೆ, ಆದ್ದರಿಂದ ಯಾವುದನ್ನು ಆರಿಸಬೇಕು ಎಂಬುದನ್ನು ಮಾತನಾಡುವವರ ಧಾಟಿ ನೋಡಿ ನೀವೇ ತೀರ್ಮಾನಿಸಬೇಕು.

ನಮ್ಮ ಭಾಗದಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ದಖನಿ ಮಾತನಾಡುವವರು ‘ದೌಡ್ನಾ ತೋ ದೂರ್, ಚಲ್ನಾ ಭೀ ನೈಂ ಆತಾ’ ಅನ್ನುತ್ತಾರೆ. ಭಾಲ್ಕಿ, ಔರಾದ್ ಕಡೆಯ ಮರಾಠಿಯವರಿಗೆ ‘ಸೋಡಾಚ್’ ಗೊತ್ತು, ಸೇಡಂ, ಗುರುಮಠಕಲ್ ಕಡೆಯ ತೆಲುಗಿನವರಿಗೆ ‘ಅಟುಂಚಿ’ ಗೊತ್ತು. ಎಲ್ಲದರ ಕಟ್ಟಡ ಒಂದೇ. ಮನೆಮಾತು ಯಾವುದೇ ಇರಲಿ, ಈ ಅರ್ಥ ನಿಮಗೆ ಹೊಸದಲ್ಲ. ಹೊಸದೇನಿದ್ದರೂ ಇಂಗ್ಲಿಷಿನಲ್ಲಿ ಅದನ್ನು ಜೋಡಿಸುವ ಕ್ರಮ.

ನಾವು ಅರ್ಥ ತಿಳಕೊಂಡೇ ಬರಿತೀವಿ, ಆದ್ರೂ ವಾಕ್ಯ ಉಲ್ಟಾ ಆಗ್ತದ. ಯಾಕ?

ಬರುವ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ನಾವು ದೊಡ್ಡದನ್ನು ಮೊದಲು ಪಕ್ಕಕ್ಕೆ ಸರಿಸುತ್ತೇವೆ, ಆಮೇಲೆ ಚಿಕ್ಕದನ್ನು ಹೇಳಿ ‘ಅದೂ ಇಲ್ಲ’ ಎನ್ನುತ್ತೇವೆ:

ಕಾರು ಬಿಡ್ರಿ, ಅವನ ಹತ್ರ ಸೈಕಲ್ಲೂ ಇಲ್ಲ.

ಇಂಗ್ಲಿಷ್ ಇದಕ್ಕೆ ನೇರ ತಿರುವುಮುರುವು. ಚಿಕ್ಕದನ್ನು ಮೊದಲು ಇಲ್ಲ ಎಂದು ಹೇಳುತ್ತದೆ, ದೊಡ್ಡದು ಬಾಲದಲ್ಲಿ ಬರುತ್ತದೆ:

‘ಹಿ ಡಸಂಟ್ ಹ್ಯಾವ್ ಎ ಬೈಸಿಕಲ್, ಲೆಟ್ ಅಲೋನ್ ಎ ಕಾರ್.’

ಕನ್ನಡದ ಕ್ರಮದಲ್ಲೇ ಪದಕ್ಕೆ ಪದ ಇಡುತ್ತ ಹೋದರೆ ‘ಹಿ ಡಸಂಟ್ ಹ್ಯಾವ್ ಎ ಕಾರ್, ಲೆಟ್ ಅಲೋನ್ ಎ ಬೈಸಿಕಲ್’ ಎಂದಾಗುತ್ತದೆ. ವ್ಯಾಕರಣ ನೋಡಿದರೆ ಎಲ್ಲಿಯೂ ಕೆಂಪು ಗೆರೆ ಎಳೆಯುವ ಹಾಗಿಲ್ಲ, ಆದರೆ ಓದಿದವನಿಗೆ ತರ್ಕ ಹತ್ತುವುದಿಲ್ಲ: ಕಾರಿಲ್ಲ ಎಂದ ಮಾತ್ರಕ್ಕೆ ಸೈಕಲ್ಲೂ ಇಲ್ಲ ಎಂದು ಹೇಗೆ ಹೇಳುವುದು? ಕಾರಿಲ್ಲದವರ ಮನೆಯಲ್ಲಿ ಸೈಕಲ್ಲು ಇರುವುದು ಸಾಮಾನ್ಯ.

ಕನ್ನಡದಿಂದ ಇಂಗ್ಲಿಷಿಗೆ ತರುವಾಗ ಹೀಗೆ ಮಾಡಿ. ಮೊದಲು ‘ಬಿಡ್ರಿ’ ಅಥವಾ ‘ಹಾಗಿರಲಿ’ ಅಂಟಿರುವ ಮಾತಿನ ಸುತ್ತ ಒಂದು ಗೆರೆ ಎಳೆಯಿರಿ. ಆಮೇಲೆ ಕೊನೆಗೆ ‘ಊ’, ‘ಕೂಡ’, ‘ಸುದ್ದಾ’ ಇರುವ ಮಾತನ್ನು ಹುಡುಕಿ. ಇಂಗ್ಲಿಷ್ ವಾಕ್ಯ ಶುರುವಾಗುವುದು ಅದರಿಂದ, ‘ನಾಟ್’ ಸೇರುವುದೂ ಅದಕ್ಕೇ. ಅಷ್ಟಾದ ಮೇಲೆ ಕಾಮಾ ಹಾಕಿ, ‘ಲೆಟ್ ಅಲೋನ್’ ಬರೆದು, ಗೆರೆ ಎಳೆದ ಮಾತನ್ನು ಅಲ್ಲಿ ಇಡಿ.

ಯಾವುದು ಚಿಕ್ಕದು ಯಾವುದು ದೊಡ್ಡದು ಅಂತ ಗುರ್ತು ಹಿಡಿಯೋದು ಹೆಂಗ ಮೇಡಂ?

ಗಾತ್ರ ನೋಡಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ‘ಇದೇ ಆಗಲಿಲ್ಲ ಅಂದಮೇಲೆ ಅದೆಲ್ಲಿ ಆಗಬೇಕು?’ ಆ ಪ್ರಶ್ನೆಯಲ್ಲಿ ‘ಇದು’ ಆಗುವುದು ‘ಲೆಟ್ ಅಲೋನ್’ಗೆ ಮೊದಲು, ‘ಅದು’ ಆಗುವುದು ನಂತರ.

ಬೀದರಿನ ಬಿದರಿ ಕೆಲಸವನ್ನು ತೆಗೆದುಕೊಳ್ಳಿ. ಸತು ಮತ್ತು ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ಮೈ ನುಣುಪು ಮಾಡುತ್ತಾರೆ, ಉಳಿಯಿಂದ ಚಿತ್ತಾರ ಕೊರೆಯುತ್ತಾರೆ, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ, ಕಡೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿ ಕಪ್ಪು ಮಾಡುತ್ತಾರೆ. ಒಂದು ಮೆಟ್ಟಿಲು ದಾಟದೆ ಮುಂದಿನದಿಲ್ಲ. ಹಾಗಾಗಿ ‘ದ ವಾಸ್ ಹ್ಯಾಸ್ ನಾಟ್ ಬೀನ್ ಎನ್‌ಗ್ರೇವ್ಡ್, ಲೆಟ್ ಅಲೋನ್ ಇನ್‌ಲೇಡ್’ ಎಂಬುದು ಸರಿ: ಹೂದಾನಿಗೆ ಚಿತ್ತಾರವನ್ನೇ ಕೊರೆದಿಲ್ಲ, ಬೆಳ್ಳಿ ಎಲ್ಲಿ ಕೂಡಬೇಕು? ಎರಡನ್ನೂ ಅದಲುಬದಲು ಮಾಡಿ ನೋಡಿ. ಬೆಳ್ಳಿ ಕೂಡಿಸಿಲ್ಲ, ಆದ್ದರಿಂದ ಕೊರೆದೂ ಇಲ್ಲ ಎಂದು ಯಾರಾದರೂ ಹೇಳಬಹುದೇ? ಕೊರೆದು ಇಟ್ಟಿರಬಹುದು, ಬೆಳ್ಳಿ ನಾಳೆ ಕೂಡಿಸಬಹುದು. ಆದ್ದರಿಂದ ಆ ಕ್ರಮ ತಪ್ಪು.

ಹೊಲಕ್ಕೂ ಇದೇ ಪರೀಕ್ಷೆ ಒಗ್ಗುತ್ತದೆ. ತೊಗರಿ ಹೂ ಬಿಡದೆ ಕಾಯಿ ಕಟ್ಟುವುದಿಲ್ಲ: ‘ದ ಕ್ರಾಪ್ ಹ್ಯಾಸ್ ನಾಟ್ ಫ್ಲವರ್ಡ್, ಲೆಟ್ ಅಲೋನ್ ಫಾರ್ಮ್ಡ್ ಪಾಡ್ಸ್.’

ಮೊದಲನೇ ಭಾಗದಾಗ ‘ಈವನ್’ ಹಾಕಲೇಬೇಕೇನು?

ಬೇಕೇಬೇಕು ಅಂತಿಲ್ಲ. ಹಾಕಿದರೆ ಕನ್ನಡದ ‘ಊ’ ಕಾರದ ಬಲ ಇಂಗ್ಲಿಷಿಗೂ ಬರುತ್ತದೆ: ‘ಹಿ ಕಾಂಟ್ ಈವನ್ ವಾಕ್, ಲೆಟ್ ಅಲೋನ್ ರನ್.’ ಹಾಕುವುದಾದರೆ ಮೊದಲ ಭಾಗಕ್ಕೇ ಹಾಕಿ. ‘ಲೆಟ್ ಅಲೋನ್ ಈವನ್ ರನ್’ ಅನ್ನಬೇಡಿ. ದೊಡ್ಡದರ ಮೇಲೆ ‘ಊ’ ಹಚ್ಚಿದ ಹಾಗಾಗುತ್ತದೆ, ‘ನಡಿಲಿಕ್ಕಿ ಬಿಡ್ರಿ, ಓಡ್ಲಿಕ್ಕೂ ಬರಂಗಿಲ್ಲ’ ಎಂದಂತೆ.

## ವಾಕ್ಯ ಕಟ್ಟುವಾಗ ಬರುವ ಪ್ರಶ್ನೆಗಳು

‘ಲೆಟ್ ಅಲೋನ್’ ಆದಮ್ಯಾಲ ಕ್ರಿಯಾಪದ ಯಾವ ರೂಪದಾಗ ಬರ್ಬೇಕು? ಒಮ್ಮೆ ‘ರನ್’ ಅಂತಾರ, ಒಮ್ಮೆ ‘ರನ್ನಿಂಗ್’ ಅಂತಾರ.

ನಿಯಮ ಒಂದೇ: ಎಡಗಡೆ ಯಾವ ರೂಪ ಇದೆಯೋ ಬಲಗಡೆಯೂ ಅದೇ ರೂಪ. ಸಹಾಯಕ ಕ್ರಿಯಾಪದ ಎರಡಕ್ಕೂ ಒಂದೇ ಇರುವುದರಿಂದ ಹೀಗಾಗುತ್ತದೆ.

‘ಕಾಂಟ್’, ‘ವೋಂಟ್’, ‘ಡಸಂಟ್’, ‘ಡಿಡಂಟ್’ ಇದ್ದರೆ ಎರಡೂ ಕಡೆ ಮೂಲರೂಪ: ‘ದೆ ಡಿಡಂಟ್ ರೀಡ್ ದ ಲೆಟರ್, ಲೆಟ್ ಅಲೋನ್ ಆನ್ಸರ್ ಇಟ್.’ ‘ಹ್ಯಾಸ್ ನಾಟ್’, ‘ಹ್ಯಾವ್ ನಾಟ್’ ಇದ್ದರೆ ಎರಡೂ ಕಡೆ ಮೂರನೇ ರೂಪ: ‘ದೆ ಹ್ಯಾವ್ ನಾಟ್ ಓಪನ್ಡ್ ದ ಲೆಟರ್, ಲೆಟ್ ಅಲೋನ್ ಆನ್ಸರ್ಡ್ ಇಟ್.’ ‘ಈಸ್ ನಾಟ್’ ನಂತರ ‘ಇಂಗ್’ ರೂಪ ಇದ್ದರೆ ಎರಡೂ ಕಡೆ ‘ಇಂಗ್’.

ದೋಷ ಹುಡುಕುವ ಪ್ರಶ್ನೆಗಳಲ್ಲಿ ಎಡವುವ ಜಾಗ ‘ಡಿಡಂಟ್’. ‘ದೆ ಡಿಡಂಟ್ ರೀಡ್ ದ ಲೆಟರ್, ಲೆಟ್ ಅಲೋನ್ ಆನ್ಸರ್ಡ್ ಇಟ್’ ಎಂದು ಕೊಟ್ಟಿರುತ್ತಾರೆ. ಹಿಂದಿನ ಕಾಲದ ಮಾತು ಎಂದುಕೊಂಡು ‘ಆನ್ಸರ್ಡ್’ ಸರಿ ಅನ್ನಿಸುತ್ತದೆ. ‘ಡಿಡಂಟ್’ ಅನ್ನು ಕೈಯಿಂದ ಎತ್ತಿ ಎರಡನೆಯದರ ಮುಂದೆ ಇಟ್ಟು ನೋಡಿ: ‘ಡಿಡಂಟ್ ಆನ್ಸರ್ಡ್’ ಎಂದು ಯಾರೂ ಅನ್ನುವುದಿಲ್ಲ. ಈ ಒಂದು ಪರೀಕ್ಷೆ ಎಲ್ಲ ರೂಪಗಳಿಗೂ ಸಾಕು.

‘ನೆವರ್’ ಜೊತೆ ಸಹಾಯಕ ಕ್ರಿಯಾಪದ ಇಲ್ಲದಿದ್ದರೆ ಕಾಲ ಎರಡೂ ಕಡೆ ಉಳಿಯುತ್ತದೆ: ‘ಶಿ ನೆವರ್ ಓಪನ್ಡ್ ದ ಬುಕ್, ಲೆಟ್ ಅಲೋನ್ ಫಿನಿಶ್ಡ್ ಇಟ್.’

ನಾಮಪದವಾದರೆ ‘ಎ’, ‘ಆ್ಯನ್’, ‘ದ’ ಮರೆಯಬೇಡಿ. ‘ಲೆಟ್ ಅಲೋನ್ ಕಾರ್’ ಅಲ್ಲ, ‘ಲೆಟ್ ಅಲೋನ್ ಎ ಕಾರ್’. ಇಡೀ ವಾಕ್ಯವನ್ನು ಅಲ್ಲಿ ತುರುಕಲಾಗದು: ‘ಲೆಟ್ ಅಲೋನ್ ಹಿ ಕ್ಯಾನ್ ರನ್’ ತಪ್ಪು.

ಎರಡನೇ ಭಾಗದಾಗ ಮತ್ತ ‘ನಾಟ್’ ಬೇಕೇನು? ಓಡೋದೂ ಇಲ್ಲ ಅಲ್ಲ?

ಬೇಡ. ಮೊದಲಿನ ‘ನಾಟ್’ ಕೊನೆಯವರೆಗೂ ಹಬ್ಬುತ್ತದೆ. ಕನ್ನಡದಲ್ಲೂ ‘ಓಡದಿರೋದು ಬಿಡ್ರಿ, ನಡೀಲಿಕ್ಕೂ ಬರಂಗಿಲ್ಲ’ ಎಂದು ಯಾರೂ ಹೇಳುವುದಿಲ್ಲ. ‘ಓಡೋದು ಬಿಡ್ರಿ’ ಎಂದೇ ಹೇಳುತ್ತೇವೆ. ಈ ವಿಷಯದಲ್ಲಿ ಎರಡೂ ಭಾಷೆಯದು ಒಂದೇ ನಡೆ.

‘ನಾಟ್’ ಇಲ್ಲದ ವಾಕ್ಯದಾಗ ಸುದ್ದಾ ‘ಲೆಟ್ ಅಲೋನ್’ ನೋಡೀನಿ. ಅದು ಹೆಂಗ?

‘ನಾಟ್’ ಕಣ್ಣಿಗೆ ಕಾಣದಿದ್ದರೂ ‘ಇಲ್ಲ’ ಎಂಬ ಅರ್ಥ ಒಳಗೆ ಇದ್ದರೆ ಸಾಕು. ಅಂಥ ಅರ್ಥ ಹೊತ್ತ ಪದಗಳನ್ನು ಗುರುತಿಟ್ಟುಕೊಳ್ಳಬೇಕು. ‘ಹಾರ್ಡ್ಲಿ’, ‘ಬೇರ್ಲಿ’, ‘ಸ್ಕೇರ್ಸ್ಲಿ’, ‘ರೇರ್ಲಿ’ ಇವುಗಳಲ್ಲಿ ‘ಹೆಚ್ಚುಕಡಿಮೆ ಇಲ್ಲ’ ಇದೆ: ‘ಐ ಕ್ಯಾನ್ ಹಾರ್ಡ್ಲಿ ಸ್ಟ್ಯಾಂಡ್ ಇನ್ ದಿಸ್ ಹೀಟ್, ಲೆಟ್ ಅಲೋನ್ ವರ್ಕ್.’ ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಯಾರ ಬಾಯಲ್ಲೂ ಬರುವ ಮಾತು.

‘ಟೂ’ ಮತ್ತು ‘ಟು’ ಜೋಡಿಯಲ್ಲೂ ‘ಇಲ್ಲ’ ಅಡಗಿದೆ: ‘ಶಿ ವಾಸ್ ಟೂ ಟೈರ್ಡ್ ಟು ಸ್ಪೀಕ್, ಲೆಟ್ ಅಲೋನ್ ಆರ್ಗ್ಯೂ.’ ದಣಿದು ಮಾತೇ ಹೊರಡಲಿಲ್ಲ ಎಂಬುದು ಅರ್ಥ. ‘ಡೌಟ್’ ಇದ್ದಾಗ: ‘ಐ ಡೌಟ್ ಹಿ ಹ್ಯಾಸ್ ರೆಡ್ ಒನ್ ಪೇಜ್, ಲೆಟ್ ಅಲೋನ್ ದ ಹೋಲ್ ಬುಕ್.’ ‘ವಿದೌಟ್’, ‘ಫ್ಯೂ’, ‘ರಿಫ್ಯೂಸ್’ ಕೂಡ ಇದೇ ಸಾಲಿಗೆ ಸೇರುತ್ತವೆ. ಉತ್ತರ ‘ಯಾರೂ ಇಲ್ಲ’ ಎಂದೇ ಇರುವ ಪ್ರಶ್ನೆಗೂ ಹೊಂದುತ್ತದೆ: ‘ಹೂ ವುಡ್ ವಾಕ್, ಲೆಟ್ ಅಲೋನ್ ರನ್, ಅಟ್ ನೂನ್?’

ಆದರೆ ‘ಎ ಫ್ಯೂ’ ಮತ್ತು ‘ಫ್ಯೂ’ ಒಂದೇ ಎಂದು ತಿಳಿಯಬೇಡಿ. ‘ಎ ಫ್ಯೂ’ ಅಂದರೆ ಕೆಲವರು ಇದ್ದಾರೆ. ‘ಫ್ಯೂ’ ಅಂದರೆ ಇರುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ‘ಲೆಟ್ ಅಲೋನ್’ ಬರುವುದು ಎರಡನೆಯದರ ಜೊತೆ.

‘ಮಕ್ಕಳು ಬಿಡ್ರಿ, ದೊಡ್ಡವರೂ ಅತ್ತರು’ ಅಂತೀವಲ್ಲ, ಅದನ್ನ ಇದರಿಂದ ಹೇಳಬಹುದೇನು?

ಹೇಳಬಾರದು. ಕನ್ನಡದ ‘ಬಿಡ್ರಿ’ ಹೌದು ಎನ್ನುವ ವಾಕ್ಯದಲ್ಲೂ ಬರುತ್ತದೆ, ಇಲ್ಲ ಎನ್ನುವುದರಲ್ಲೂ ಬರುತ್ತದೆ. ‘ಲೆಟ್ ಅಲೋನ್’ಗೆ ಆ ಸ್ವಾತಂತ್ರ್ಯ ಕಡಿಮೆ. ಹೌದು ಎನ್ನುವ ವಾಕ್ಯಕ್ಕೆ ‘ನಾಟ್ ಟು ಮೆನ್ಶನ್’ ಇದೆ: ‘ಈವನ್ ದ ಗ್ರೋನ್-ಅಪ್ಸ್ ಕ್ರೈಡ್, ನಾಟ್ ಟು ಮೆನ್ಶನ್ ದ ಚಿಲ್ಡ್ರನ್.’ ಹಾಗೆಯೇ ‘ಶಿ ಸ್ಪೀಕ್ಸ್ ಕನ್ನಡ, ಉರ್ದು ಆ್ಯಂಡ್ ತೆಲುಗು, ನಾಟ್ ಟು ಮೆನ್ಶನ್ ಇಂಗ್ಲಿಷ್.’

‘ಇನಫ್’ ಇರುವ ಕೆಲವು ವಾಕ್ಯಗಳಲ್ಲಿ ಇಂಗ್ಲಿಷರೇ ‘ಲೆಟ್ ಅಲೋನ್’ ಬಳಸುವುದುಂಟು: ಒಂದು ವರ್ಷಕ್ಕೆ ಸಾಕಾಗುವಷ್ಟು ಜೋಳ ಇದೆ, ಒಂದು ತಿಂಗಳ ಮಾತೇನು ಅನ್ನುವ ಥರದ್ದು. ಓದುವಾಗ ಅರ್ಥ ಮಾಡಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ.

ಕಾಮಾ ಎಲ್ಲಿ?

‘ಲೆಟ್ ಅಲೋನ್’ ಹಿಂದೆ ಒಂದು. ವಾಕ್ಯದ ನಡುವೆ ಬಂದು ಆಮೇಲೆ ವಾಕ್ಯ ಮುಂದುವರಿದರೆ ಆಚೆ ಕಡೆ ಇನ್ನೊಂದು. ‘ಲೆಟ್ ಅಲೋನ್’ ಆದ ಕೂಡಲೇ ಹಾಕಬೇಡಿ.

ನಡುವೆ ಬಂದಾಗ ‘ವಾಸ್’ ಹಾಕ್ಬೇಕೋ ‘ವರ್’ ಹಾಕ್ಬೇಕೋ?

ಮೊದಲಿರುವ ಕರ್ತೃವನ್ನು ನೋಡಿ, ಎರಡು ಕಾಮಾಗಳ ನಡುವಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ‘ನಾಟ್ ಈವನ್ ದ ಟೀಚರ್, ಲೆಟ್ ಅಲೋನ್ ದ ಸ್ಟೂಡೆಂಟ್ಸ್, ವಾಸ್ ಏಬಲ್ ಟು ಸಾಲ್ವ್ ಇಟ್.’ ‘ಸ್ಟೂಡೆಂಟ್ಸ್’ ಕ್ರಿಯಾಪದಕ್ಕೆ ಹತ್ತಿರ ಇರುವುದರಿಂದ ಕೈ ತಾನಾಗಿ ‘ವರ್’ ಬರೆಯುತ್ತದೆ. ಪ್ರಶ್ನೆ ತೆಗೆಯುವವರು ಕಾದು ಕೂರುವುದೂ ಅದಕ್ಕೇ.

‘ಲೀವ್ ಅಲೋನ್ ರನ್ನಿಂಗ್, ಹಿ ಕಾಂಟ್ ಈವನ್ ವಾಕ್’ ಅಂತ ನಮ್ಮ ಕಡಿ ಎಲ್ಲಾರೂ ಅಂತಾರ. ತಪ್ಪೇನ್ರಿ?

ಭಾರತದ ಇಂಗ್ಲಿಷಿನಲ್ಲಿ ಇದು ಬೇರು ಬಿಟ್ಟ ಬಳಕೆ. ಕೇಳಿದವರಿಗೆ ಅರ್ಥವಾಗುತ್ತದೆ, ನಾಚಿಕೆ ಪಡುವಂಥದ್ದೇನೂ ಅಲ್ಲ. ಅದು ಹುಟ್ಟಿದ ಬಗೆಯೂ ಸ್ಪಷ್ಟವಾಗಿ ಕಾಣುತ್ತದೆ: ‘ಬಿಡ್ರಿ’ಗೆ ‘ಲೀವ್’ ಬಂತು, ದೊಡ್ಡದನ್ನು ಮೊದಲು ಹೇಳುವ ನಮ್ಮ ಕ್ರಮವೂ ಹಾಗೇ ಉಳಿಯಿತು. ಆದರೆ ಪರೀಕ್ಷೆಗಳು ಒಪ್ಪುವ ಇಂಗ್ಲಿಷಿನಲ್ಲಿ ‘ಲೆಟ್’ ಬೇಕು, ಅದು ನಡುವೆ ಬರಬೇಕು. ನಮ್ಮ ಸಲಹೆ: ಮನೆ, ಅಂಗಡಿ, ಗೆಳೆಯರ ನಡುವೆ ‘ಲೀವ್ ಅಲೋನ್’ ಬಂದರೆ ಬರಲಿ, ಉತ್ತರಪತ್ರಿಕೆ, ಸಂದರ್ಶನ, ಅರ್ಜಿ ಇವುಗಳಲ್ಲಿ ‘ಲೆಟ್ ಅಲೋನ್’ ಇರಲಿ. ವಾಕ್ಯದ ಆರಂಭದಲ್ಲಿ ‘ಲೆಟ್ ಅಲೋನ್ ರನ್ನಿಂಗ್’ ಎಂದು ಇಟ್ಟರೂ ಪದ ಸರಿಯಾಯಿತೇ ಹೊರತು ಜಾಗ ಸರಿಯಾಗಲಿಲ್ಲ.

## ಇನ್ನೂ ಒಳಗೆ ಹೋಗುವವರ ಪ್ರಶ್ನೆಗಳು

ಒಂದು ವಾಕ್ಯದಾಗ 120 ಮೊದಲು ಬಂದು 100 ಆಮ್ಯಾಲ ಬಂದಿತ್ತು. ಚಿಕ್ಕದು ಮೊದಲು ಅಂದ್ರಲ್ಲ?

ಚಿಕ್ಕದು, ದೊಡ್ಡದು ಎಂದು ನಾವು ಹೇಳುತ್ತಿರುವುದು ಅಂಕಿಗಲ್ಲ, ಆಗುವ ಸಾಧ್ಯತೆಗೆ. ಗಂಜ್‌ನಲ್ಲಿ ಒಂದು ಕಿಲೋ ತೊಗರಿಬೇಳೆಯ ವ್ಯಾಪಾರ ನಡೆದಿದೆ ಎಂದುಕೊಳ್ಳಿ. ಅಂಕಿ ಉದಾಹರಣೆಗೆ ಮಾತ್ರ.

ಕೊಳ್ಳುವವರು ಅನ್ನುತ್ತಾರೆ: ‘ನೂರಾ ಇಪ್ಪತ್ತು ಬಿಡ್ರಿ, ನೂರೂ ಕೊಡ್ಲಿಕ್ಕಿ ಆಗಂಗಿಲ್ಲ.’ ಇಂಗ್ಲಿಷಿನಲ್ಲಿ: ‘ಐ ಕಾಂಟ್ ಪೇ 100 ರುಪೀಸ್, ಲೆಟ್ ಅಲೋನ್ 120.’

ಮಾರುವವರು ಅನ್ನುತ್ತಾರೆ: ‘ನೂರಕ್ಕ ಬಿಡ್ರಿ, ನೂರಾ ಇಪ್ಪತ್ತಕ್ಕೂ ಪೂರೈಸಂಗಿಲ್ಲ.’ ಇಂಗ್ಲಿಷಿನಲ್ಲಿ: ‘ಐ ಕಾಂಟ್ ಸೆಲ್ ಇಟ್ ಫಾರ್ 120 ರುಪೀಸ್, ಲೆಟ್ ಅಲೋನ್ 100.’

ಬೇಳೆ ಒಂದೇ, ಅಂಕಿ ಎರಡೇ, ಕ್ರಮ ಮಾತ್ರ ತಿರುಗಿತು. ಕೊಳ್ಳುವವರಿಗೆ ಕಡಿಮೆ ಹಣ ಸುಲಭ, ಮಾರುವವರಿಗೆ ಹೆಚ್ಚು ಹಣ ಸುಲಭ. ‘ಲೆಟ್ ಅಲೋನ್’ಗೆ ಮೊದಲು ಬರುವುದು ಯಾವಾಗಲೂ ಆ ಮನುಷ್ಯನಿಗೆ ಹೆಚ್ಚು ಸುಲಭವಾದದ್ದು. ಚಳಿ, ಸೆಕೆ, ಸಮಯ, ದೂರ ಎಲ್ಲಕ್ಕೂ ಹೀಗೇ. ‘ಎರಡು ತಾಸಿನಾಗ ಮುಗಿಯಂಗಿಲ್ಲ, ಒಂದು ತಾಸಿನಾಗ ಎಲ್ಲಿಂದ ಮುಗಿಬೇಕು’ ಎಂಬಲ್ಲಿ ಎರಡು ಮೊದಲು ಬರುತ್ತದೆ: ‘ಯು ಕಾಂಟ್ ಫಿನಿಶ್ ಇಟ್ ಇನ್ ಟೂ ಅವರ್ಸ್, ಲೆಟ್ ಅಲೋನ್ ಒನ್.’

ಎರಡರಾಗ ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮಿ ಅಲ್ಲ. ಆವಾಗ?

ಹಾಗಿದ್ದರೆ ಈ ನುಡಿಗಟ್ಟು ಅಲ್ಲಿ ನಿಲ್ಲುವುದಿಲ್ಲ, ‘ಆರ್’ ಅಥವಾ ‘ನೈದರ್’, ‘ನಾರ್’ ಬಳಸಿ. ‘ಹಿ ಹ್ಯಾಸ್ ನಾಟ್ ಸೀನ್ ದ ಬೀದರ್ ಫೋರ್ಟ್, ಲೆಟ್ ಅಲೋನ್ ದ ಕಲಬುರಗಿ ಫೋರ್ಟ್’ ಎಂದರೆ ಕೇಳಿದವರು ತಡೆಯುತ್ತಾರೆ, ಎರಡು ಕೋಟೆಗಳ ನಡುವೆ ಮೆಟ್ಟಿಲು ಎಲ್ಲಿದೆ ಎಂದು. ಆದರೆ ಆ ಮನುಷ್ಯ ಬೀದರಿನಲ್ಲೇ ಹುಟ್ಟಿ ಬೆಳೆದವನು ಎಂದು ಮೊದಲೇ ಗೊತ್ತಿದ್ದರೆ ವಾಕ್ಯ ತಕ್ಷಣ ಸರಿಹೋಗುತ್ತದೆ: ಊರ ಕೋಟೆಯನ್ನೇ ನೋಡದವನು ಪರ ಊರಿನದನ್ನು ಎಲ್ಲಿ ನೋಡಬೇಕು? ಕಲಬುರಗಿಯವನಾದರೆ ಎರಡೂ ಹೆಸರು ಜಾಗ ಬದಲಿಸುತ್ತವೆ.

ಆದ್ದರಿಂದ ಮೆಟ್ಟಿಲು ವಾಕ್ಯದ ಹೊರಗೂ ಇರಬಹುದು. ಗದ್ಯಭಾಗ ಓದುವಾಗ ‘ಲೆಟ್ ಅಲೋನ್’ ವಿಚಿತ್ರ ಅನ್ನಿಸಿದರೆ ಎರಡು ಸಾಲು ಹಿಂದಕ್ಕೆ ಹೋಗಿ, ಯಾರ ಬಗ್ಗೆ ಮಾತು ನಡೆದಿದೆ ನೋಡಿ.

‘ಮಚ್ ಲೆಸ್’, ‘ಸ್ಟಿಲ್ ಲೆಸ್’, ‘ನೆವರ್ ಮೈಂಡ್’ ಇವೆಲ್ಲ ಒಂದೇ ಏನು?

ಅರ್ಥ ಒಂದೇ, ಧಾಟಿ ಬೇರೆ. ‘ಮಚ್ ಲೆಸ್’ ಮತ್ತು ‘ಸ್ಟಿಲ್ ಲೆಸ್’ ಬರಹದ ಭಾಷೆಗೆ ಹತ್ತಿರ. ‘ನೆವರ್ ಮೈಂಡ್’ ಬ್ರಿಟಿಷರ ಆಡುಮಾತು. ನಾಲ್ಕರಲ್ಲೂ ಕ್ರಮ ಒಂದೇ, ಸುಲಭದ್ದು ಮೊದಲು. ‘ಮಚ್ ಲೆಸ್’ನಲ್ಲಿ ‘ಲೆಸ್’ ಇರುವುದರಿಂದ ಕಡಿಮೆಯಾದದ್ದು ನಂತರ ಬರಬೇಕು ಎಂದು ತಿಳಿಯುವವರು ಬಹಳ. ಅಲ್ಲಿ ಕಡಿಮೆ ಎಂದು ಹೇಳುತ್ತಿರುವುದು ಆಗುವ ಸಾಧ್ಯತೆಯನ್ನು. ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ‘ಮಚ್ ಮೋರ್’ ಎಂಬ ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ. ವಾಕ್ಯದಲ್ಲಿ ‘ನಾಟ್’ ಇದ್ದರೆ ಅದನ್ನು ಮುಟ್ಟಬೇಡಿ.

‘ಅಟ್ ಆಲ್’ ಸುದ್ದಾ ಇಲ್ಲ ಅನ್ನೋದಕ್ಕ ಬಲ ಕೊಡ್ತದ. ಎರಡಕ್ಕೂ ಫರಕ್ ಏನು?

‘ಅಟ್ ಆಲ್’ ಅಂದರೆ ‘ಒಟ್ಟ’, ‘ಏನೇನೂ’: ‘ಹಿ ಕಾಂಟ್ ವಾಕ್ ಅಟ್ ಆಲ್’, ಅವನಿಗೆ ಒಟ್ಟ ನಡೀಲಿಕ್ಕೇ ಬರಂಗಿಲ್ಲ. ಅದಕ್ಕೆ ಒಂದೇ ಸಂಗತಿ ಸಾಕು. ‘ಲೆಟ್ ಅಲೋನ್’ಗೆ ಎರಡು ಬೇಕು.

ಗದ್ಯಭಾಗದಾಗ ‘ಹಿ ಡಿಡ್ ನಾಟ್ ರೀಡ್ ದ ಅಪ್ಲಿಕೇಶನ್, ಲೆಟ್ ಅಲೋನ್ ಸೈನ್ ಇಟ್’ ಅಂತ ಇತ್ತು. ‘ಸಹಿ ಮಾತ್ರ ಮಾಡಿದ’ ಅನ್ನೋದು ಯಾಕ ತಪ್ಪು?

‘ಅಲೋನ್’ ಪದಕ್ಕೆ ಬೇರೆ ವಾಕ್ಯಗಳಲ್ಲಿ ‘ಮಾತ್ರ’ ಎಂಬ ಅರ್ಥವಿದೆ. ಅದನ್ನು ಇಲ್ಲಿ ಹಚ್ಚಿದ್ದರಿಂದ ಹೀಗಾಯಿತು. ಆತ ಅರ್ಜಿ ಓದಲೂ ಇಲ್ಲ, ಸಹಿಯನ್ನೂ ಮಾಡಲಿಲ್ಲ. ಇಂಥ ಪ್ರಶ್ನೆಗೆ ‘ಎರಡೂ ಆಗಲಿಲ್ಲ’ ಎಂಬ ಅರ್ಥದ ಆಯ್ಕೆಯೇ ಉತ್ತರ. ‘ಓದಿದ, ಆದರೆ ಸಹಿ ಮಾಡಲಿಲ್ಲ’ ಎಂಬುದೂ ತಪ್ಪೇ, ನೋಡಲು ಮಾತ್ರ ಸರಿ ಇದ್ದಂತೆ ಕಾಣುತ್ತದೆ.

ಇದರ ಬಗ್ಗೆ ಭಾಷಾಶಾಸ್ತ್ರದಾಗ ಏನರ ಕೆಲಸ ಆಗ್ಯಾದೇನು?

ದೊಡ್ಡ ಕೆಲಸವೇ ಆಗಿದೆ. 1988ರಲ್ಲಿ ಚಾರ್ಲ್ಸ್ ಫಿಲ್ಮೋರ್, ಪಾಲ್ ಕೇ, ಮೇರಿ ಕ್ಯಾಥರೀನ್ ಓಕಾನರ್ ಎಂಬ ಮೂವರು ಅಮೆರಿಕದ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನದ ಕೇಂದ್ರವೇ ‘ಲೆಟ್ ಅಲೋನ್’. ನುಡಿಗಟ್ಟುಗಳನ್ನು ವ್ಯಾಕರಣದ ಹೊರಗಿಟ್ಟು, ಬಾಯಿಪಾಠ ಮಾಡುವ ಪಟ್ಟಿಗೆ ಸೇರಿಸುವ ರೂಢಿಯನ್ನು ಅವರು ಪ್ರಶ್ನಿಸಿದರು. ಈ ಎರಡು ಪದದ ಹಿಂದೆಯೂ ಕಟ್ಟುನಿಟ್ಟಾದ ನಿಯಮಗಳಿವೆ ಎಂದು ತೋರಿಸಿದರು. ನುಡಿಗಟ್ಟುಗಳನ್ನೂ ವ್ಯಾಕರಣದ ಒಳಗೇ ಇಟ್ಟು ನೋಡುವ ‘ಕನ್‌ಸ್ಟ್ರಕ್ಷನ್ ಗ್ರಾಮರ್’ ಎಂಬ ಶಾಖೆ ಬೆಳೆದದ್ದರಲ್ಲಿ ಆ ಲೇಖನದ ಪಾಲು ದೊಡ್ಡದು.

ಅವರು ಹೇಳಿದ ಒಂದು ಮಾತು ನಮ್ಮವರಿಗೆ ವಿಶೇಷವಾಗಿ ಉಪಯೋಗ. ‘ಅವನು ಕಾರು ತಗೊಂಡನೇನು?’ ಎಂದು ಯಾರೋ ಕೇಳಿದ್ದಾರೆ. ಉತ್ತರದಲ್ಲಿ ಎರಡು ಕೆಲಸ ಆಗಬೇಕು: ಕೇಳಿದ್ದಕ್ಕೆ ಉತ್ತರ ಕೊಡಬೇಕು, ಕೇಳದಿದ್ದರೂ ಹೆಚ್ಚು ತಿಳಿಸುವ ಸಂಗತಿ ಹೇಳಬೇಕು. ಸೈಕಲ್ಲೂ ಇಲ್ಲ ಎಂಬುದು ಹೆಚ್ಚು ತಿಳಿಸುವ ಮಾತು, ಕಾರಿಲ್ಲ ಎಂಬುದು ಕೇಳಿದ್ದಕ್ಕೆ ಉತ್ತರ. ‘ಲೆಟ್ ಅಲೋನ್’ ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ಇಂಗ್ಲಿಷ್ ಹೊಸ ಸಂಗತಿಯನ್ನು ಮುಂದಿಡುತ್ತದೆ. ಕನ್ನಡ ಕೇಳಿದ ಪ್ರಶ್ನೆಯನ್ನು ಮೊದಲು ‘ಬಿಡ್ರಿ’ ಎಂದು ತೀರಿಸಿ, ಹೊಸದನ್ನು ಕೊನೆಗೆ ಹೇಳುತ್ತದೆ. ಕ್ರಮ ತಿರುವುಮುರುವಾಗುವುದನ್ನು ಹೀಗೆ ನೋಡಿದರೆ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಇಂಗ್ಲಿಷ್ ಸುದ್ದಿ ಕನ್ನಡಕ್ಕ ತರೋವಾಗ ‘ನೀರೂ ಇಲ್ಲ, ಔಷಧಿಯನ್ನು ಬಿಡಿ’ ಅಂತ ಬರಿತೀವಿ. ಇದು ನಡೀತದೇನು?

ಓದುಗರಿಗೆ ತಿಳಿಯುತ್ತದೆ, ಆದರೆ ಓದು ಮುಗ್ಗರಿಸುತ್ತದೆ. ವಾಕ್ಯ ‘ಇಲ್ಲ’ದಲ್ಲಿ ಮುಗಿಯಿತು ಎಂದುಕೊಂಡಾಗ ಬಾಲವೊಂದು ಉಳಿದಿರುತ್ತದೆ. ‘ಬಿಡಿ’ ಕೊನೆಗೆ ಬಂದರೆ ಔಷಧಿ ಬಿಟ್ಟುಬಿಡಿ ಎಂದು ಯಾರಿಗೋ ಹೇಳಿದಂತೆಯೂ ಕೇಳಿಸುತ್ತದೆ. ಆರೋಗ್ಯದ ಸುದ್ದಿಯಲ್ಲಿ ಇದು ಸಣ್ಣ ದೋಷವಲ್ಲ.

ಒಂದು ವಾಕ್ಯ ಮಾಡಿ ನೋಡೋಣ: ‘ದ ವಿಲೇಜ್ ಹ್ಯಾಸ್ ನೋ ನರ್ಸ್, ಲೆಟ್ ಅಲೋನ್ ಎ ಡಾಕ್ಟರ್.’ ಇಂಗ್ಲಿಷಿನ ಬಾಲವನ್ನು ಮೊದಲು ಎತ್ತಿಕೊಳ್ಳಿ: ‘ಊರಿಗೆ ಡಾಕ್ಟರ್ ಹಾಗಿರಲಿ’. ಆಮೇಲೆ ತಲೆಯನ್ನು ತನ್ನಿ, ‘ಊ’ ಹಚ್ಚಿ: ‘ಒಬ್ಬ ನರ್ಸ್ ಕೂಡ ಇಲ್ಲ’. ಸೇರಿಸಿದರೆ ‘ಊರಿಗೆ ಡಾಕ್ಟರ್ ಹಾಗಿರಲಿ, ಒಬ್ಬ ನರ್ಸ್ ಕೂಡ ಇಲ್ಲ.’ ಮೂಲದಲ್ಲಿ ‘ಈವನ್’ ಇಲ್ಲದಿದ್ದರೂ ಕನ್ನಡದಲ್ಲಿ ‘ಕೂಡ’ ಅಥವಾ ‘ಊ’ ಬಿಡುವಂತಿಲ್ಲ. ಬಿಟ್ಟರೆ ‘ಡಾಕ್ಟರ್ ಹಾಗಿರಲಿ, ನರ್ಸ್ ಇಲ್ಲ’ ಎಂದಾಗಿ, ಡಾಕ್ಟರ್ ಇದ್ದಾರೆ ಎಂಬ ಅನುಮಾನ ಉಳಿಯುತ್ತದೆ.

ಒಬ್ಬರ ಮಾತನ್ನೇ ಉದ್ಧರಿಸುವಾಗ ‘ಹಾಗಿರಲಿ’ಯನ್ನು ಅವರ ಬಾಯಿಗೆ ಹಾಕಬೇಡಿ. ಚಿಂಚೋಳಿಯ ರೈತರೊಬ್ಬರು ಮಾತನಾಡುತ್ತಿದ್ದರೆ ‘ಡಾಕ್ಟರ್ ಬಿಡ್ರಿ, ನರ್ಸ್ ಸುದ್ದಾ ಇಲ್ರಿ ನಮ್ಮೂರಾಗ’ ಎಂದೇ ಬರೆಯಿರಿ.